ಯೆರವಡಾದ ಒಂದು ಮರಣ ಮತ್ತು ಕೊಲೆಸ್ಟರಾಲ್ ವಾದ

ಯೆರವಡಾದ ಆಗಾ ಖಾನ್ ಅರಮನೆಯಲ್ಲಿ ಸೆರೆಯಾಗಿದ್ದ ಮಹಾದೇವ ದೇಸಾಯಿಯವರು 1942ರ ಆಗಸ್ಟ್ 15ರಂದು ಹೃದಯಾಘಾತದಿಂದ ದಿವಂಗತರಾದರು. ಆಗ ಅವರಿಗೆ 50 ವರ್ಷ; ಆಹಾರವೋ ಆಶ್ರಮದ ಸಸ್ಯಾಹಾರ. ಮಾಂಸ ಮುಟ್ಟದವರಿಗೂ ಈ ವ್ಯಾಧಿ ತಗಲುವುದರಿಂದ ಕೊಲೆಸ್ಟರಾಲ್ ವಾದವೇ ಹುಸಿಯೆನ್ನುವವರುಂಟು. ಸಂಶಯವು ಶಾಸ್ತ್ರಕ್ಕೆ ಭೂಷಣವೇ. ಈ ತರ್ಕವು ಮಾತ್ರ ನಿಲ್ಲದು. ದೇಹದ ಕೊಲೆಸ್ಟರಾಲಿನ ಬಹುಭಾಗವು ಉಣಿಸಿನಿಂದ ಬಂದುದಲ್ಲ, ಯಕೃತ್ತು ಮೊದಲಾದ ಅಂಗಗಳಲ್ಲಿ ಉತ್ಪನ್ನವಾದುದು. ಸ್ಟ್ಯಾಟಿನ್ ತಡೆಯುವುದು ಈ ಉತ್ಪತ್ತಿಯನ್ನೇ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಪರೀಕ್ಷೆಯಲ್ಲಿ 4,444 ಹೃದ್ರೋಗಿಗಳನ್ನು ಎರಡು ಸಮಪಾಲಾಗಿ ವಿಂಗಡಿಸಿದ್ದರು. ಐದು ವರ್ಷಗಳಿಗೆ ತುಸು ಮೀರಿದ ಅವಧಿಯಲ್ಲಿ ಹುಸಿಗುಳಿಗೆಯವರಲ್ಲಿ 256 ಮಂದಿ, ಸಿಂವಾಸ್ಟ್ಯಾಟಿನ್ ಪಡೆದವರಲ್ಲಿ 182 ಮಂದಿ ಮಡಿದರು. ಕೊಲೆಸ್ಟರಾಲೊಂದೇ ಕಾರಣವಲ್ಲ, ಧೂಮಪಾನ, ರಕ್ತದೊತ್ತಡ, ಮಧುಮೇಹಗಳೂ ಕೂಡುವುವು. ಆದುದರಿಂದ ಕೇಳಬೇಕಾದ ಪ್ರಶ್ನೆ ಗುಳಿಗೆ ಸುಳ್ಳೇ ಎಂಬುದಲ್ಲ, ಅದು ಯಾರಿಗೆ ಅಗತ್ಯವೆಂಬುದು.