ಕಡತ ಅಂದ್ರ ಫೈಲ್ ಏನು?

ಹೋದ ಸಲ ಊರಿಗೆ ಹೋದಾಗ ಕುಷ್ಟಗಿಯಲ್ಲಿರುವ ಕಾಕಾನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟೆ. ಕಾಕಾ ರಿಟೈರ್ಡ್ ಕನ್ನಡ ಮಾಸ್ತರು. ಲ್ಯಾಪ್‌ಟಾಪ್ ಚಾಲೂ ಆಗೋದ್ರೊಳಗೆ ಚಾ ಆರಿ ಹೋಗ್ತಿತ್ತು. ಹಾಗಾಗಿ 'ಮಾಟೆ' ಎನ್ನುವ ಹಗುರವಾದ ಡೆಸ್ಕ್‌ಟಾಪ್ ಆರಿಸಿಕೊಂಡು, ಭಾಷೆಯ ಪಟ್ಟಿಯಲ್ಲಿ 'ಕನ್ನಡ' ಒತ್ತಿದೆ. ಪರದೆ ತೆರೆದುಕೊಂಡಿತು. ಕಾಕಾ ಕನ್ನಡಕ ಏರಿಸಿಕೊಂಡು ಮೆನು ಓದಿದರು.

'ಕಡತ ಅಂದ್ರ ಫೈಲ್ ಏನೋ ತಮ್ಮಾ?'

'ಹೂಂ ಕಾಕಾ.'

'ಚಲೋ ಹೆಸರು ಇಟ್ಟಾರ. ಯಾರು ಇಟ್ಟಾರ?'

ದಿನಾ ಲಿನಕ್ಸ್ ಸರ್ವರ್ ನೋಡಿಕೊಂಡೇ ಸಂಬಳ ತಗೊಳ್ಳೋ ನನಗೆ ಇದಕ್ಕೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಮ್ಮಂಥ ಬಹಳಷ್ಟು ಜನಕ್ಕೆ ಲಿನಕ್ಸ್ ಅಂದ್ರೆ ಕಪ್ಪು ಟರ್ಮಿನಲ್, ಅದರೊಳಗೆ ಇಂಗ್ಲಿಷ್ ಕಮಾಂಡು. ಅದಕ್ಕೊಂದು ಕನ್ನಡದ ಮುಖ ಇದೆ ಅಂತ ನಾನು ಕಣ್ಣಾರೆ ಕಂಡದ್ದು ಅವತ್ತೇ.

ಕಡತ ಏನು ಅನ್ನೋದನ್ನು ಕಾಕಾನೇ ಹೇಳಿದರು. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಚಿ ಇಟ್ಟುಕೊಳ್ಳುತ್ತಿದ್ದ ಕಪ್ಪು ಪುಸ್ತಕ ಅದು. ಬಳಪದಿಂದ ಲೆಕ್ಕ ಬರೆಯೋದು, ಬೇಡವಾದಾಗ ಅಳಿಸಿ ಮತ್ತೆ ಬರೆಯೋದು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಇವತ್ತಿಗೂ ಇವೆ. ಬರೆದು, ಅಳಿಸಿ, ತಿದ್ದಬಹುದಾದ ವಸ್ತು ಅಂದ ಮೇಲೆ ಕಂಪ್ಯೂಟರಿನ ಫೈಲಿಗೆ ಇದಕ್ಕಿಂತ ಒಪ್ಪುವ ಹೆಸರು ಎಲ್ಲಿ ಸಿಗಬೇಕು?

ಆದರೆ ನಮ್ಮ ಸೀಮೆಯಲ್ಲಿ ಕಚೇರಿಯ ಭಾಷೆ ನಮ್ಮದಾಗಿದ್ದ ಕಾಲ ಕಡಿಮೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನ ಬಂಡೆಗಳ ಮೇಲೆ ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ಬರೆಸಿದ್ದು ಪ್ರಾಕೃತದಲ್ಲಿ. ಮುಂದೆ ಸುಮಾರು 850ರ ಹೊತ್ತಿಗೆ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ನಾಲ್ಕು ಊರುಗಳ ನಡುವಿನ ನಾಡನ್ನು ತೋರಿಸುತ್ತದೆ. ಆ ನಾಲ್ಕರಲ್ಲಿ ಒಂದು ಕೊಪಣ, ಅಂದರೆ ನಮ್ಮ ಕೊಪ್ಪಳ. ಅಂಥ ನಾಡೇ ಕೊನೆಗೆ ನಿಜಾಮನ ಹೈದರಾಬಾದಿಗೆ ಸೇರಿತು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರಾದವು. ಸರಕಾರದ ಭಾಷೆ ಮೊದಲು ಪರ್ಷಿಯನ್, 19ನೇ ಶತಮಾನದ ಕೊನೆಯ ಹೊತ್ತಿಗೆ ಉರ್ದು. 'ನಮ್ಮ ಅಜ್ಜ ತಾಲೂಕಿನಿಂದ ಬಂದ ಕಾಗದ ಓದಿಸಾಕ ಇನ್ನೊಬ್ರ ಮನೀಗೆ ಹೋಗ್ತಿದ್ದ' ಅಂದರು ಕಾಕಾ. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಉರ್ದು ಕಾಗದದ ಕಾಲ ಮುಗೀತು ಅನ್ನೋದ್ರೊಳಗೆ ಇಂಗ್ಲಿಷ್ ಮೆನುವಿನ ಕಂಪ್ಯೂಟರ್ ಬಂತು. ಓದಿಸಲು ಮತ್ತೊಬ್ಬರ ಹತ್ತಿರ ಹೋಗೋದು ತಪ್ಪಲಿಲ್ಲ.

ಇದು ಬದಲಾದ ಕತೆ ನಮ್ಮೂರಿಂದ ಬಹಳ ದೂರ ಶುರುವಾಗುತ್ತದೆ. ಯುನಿಕ್ಸ್ ಯಂತ್ರಗಳಿಗೆ ಕಿಟಕಿ, ಮೌಸ್ ಕೊಟ್ಟ ಎಕ್ಸ್ ವಿಂಡೋ ಸಿಸ್ಟಂ 1984ರಲ್ಲಿ ಎಂಐಟಿಯಲ್ಲಿ ಹುಟ್ಟಿತು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಬಿಡುಗಡೆ ಮಾಡಿದರು. ಕರ್ನೆಲ್ ಇದ್ದರೆ ಯಂತ್ರ ಓಡುತ್ತೆ ನಿಜ, ಆದರೆ ಅದು ಕಾಕಾನಂಥವರ ಕೈಗೆ ಕೊಡೋ ವಸ್ತು ಆಗಲ್ಲ. ಸಾಮಾನ್ಯರಿಗೂ ದಕ್ಕುವ ಡೆಸ್ಕ್‌ಟಾಪ್ ಬೇಕು ಅಂತ 1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಕ್ ಕೆಡಿಇ ಶುರುಮಾಡಿದರು. ಅದು ಬಳಸುತ್ತಿದ್ದ 'ಕ್ಯೂಟಿ' ಲೈಬ್ರರಿಯ ಲೈಸೆನ್ಸ್ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಅದೇ ತಕರಾರಿನಿಂದ 1997ರಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಝಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಆರಂಭಿಸಿದರು. ಅದೇ ವರ್ಷ ಇಲ್ಲಿ ಕೊಪ್ಪಳ, ರಾಯಚೂರಿನಿಂದ ಬೇರೆಯಾಗಿ ತಾನೇ ಜಿಲ್ಲೆ ಆಯಿತು.

ಈ ಡೆಸ್ಕ್‌ಟಾಪುಗಳ ಒಳಗೆ ಒಂದು ಸರಳ ಏರ್ಪಾಡಿದೆ. ಮೆನುವಿನ ಮಾತುಗಳೆಲ್ಲ ಪ್ರೋಗ್ರಾಮಿನಿಂದ ಹೊರಗೆ, ಬೇರೆ ಕಡತಗಳಲ್ಲಿ ಇರ್ತವೆ. ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಕನ್ನಡ ಬರೆದು ಕಳಿಸಿದರೆ ಮುಂದಿನ ಆವೃತ್ತಿಯಲ್ಲಿ ಅದು ಎಲ್ಲರ ಪರದೆ ಮೇಲೆ ಬರುತ್ತೆ. ಕನ್ನಡಕ್ಕೆ ಎಷ್ಟು ಗಿರಾಕಿ ಇದ್ದಾರೆ ಅಂತ ಯಾವ ಮ್ಯಾನೇಜರನೂ ಲೆಕ್ಕ ಹಾಕಬೇಕಿಲ್ಲ. ಕೆಲವರು ಕಂಪನಿಯ ಕೆಲಸವಾಗಿ, ಹಲವರು ಬಿಡುವಿನ ವೇಳೆಯಲ್ಲಿ ಕೂತು ಆ ಸಾಲುಗಳನ್ನು ತುಂಬಿದರು. ಫೈಲಿಗೆ ಕಡತ, ಡೆಸ್ಕ್‌ಟಾಪಿಗೆ ಗಣಕತೆರೆ, ಪಾಸ್‌ವರ್ಡಿಗೆ ಗುಪ್ತಪದ ಬಂದದ್ದು ಹಾಗೆ. ಎಲ್ಲವೂ ಬಾಯಿಗೆ ಕೂರಲಿಲ್ಲ. ಗಣಕತೆರೆ ನೋಡಿ ಕಾಕಾ ನಕ್ಕರು. 'ಇದು ನಾಟಕದ ಪರದೆ ಆತಲ್ಲೋ' ಅಂದರು. ಕಡತದ ಬಗ್ಗೆ ಮಾತ್ರ ತಕರಾರು ಮಾಡಲಿಲ್ಲ.

ಇದಕ್ಕೂ ಮೊದಲು ಅಕ್ಷರದ ಗೊಂದಲ ಬಗೆಹರಿಯಬೇಕಿತ್ತು. ಕಾಕಾ ಪೆನ್‌ಡ್ರೈವ್ ಕೊಟ್ಟರು. ಊರ ಜಾತ್ರೆ, ಹಂತಿಪದ, ಗಾದೆ ಅಂತ ಹದಿನೈದು ವರ್ಷದ ಹಿಂದೆ ಗಂಗಾವತಿಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಬರಹ ಅದರಲ್ಲಿತ್ತು. ತೆರೆದು ನೋಡಿದರೆ ಒಂದು ಕನ್ನಡ ಅಕ್ಷರ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೆರೆ, 'ನ' ಇರಬೇಕಾದ ಕಡೆ ಬ್ರಿಟಿಷ್ ಪೌಂಡಿನ ಚಿಹ್ನೆ. ಕಾಕಾನ ಮುಖ ಸಣ್ಣದಾಯಿತು.

ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಣುಕು ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಗ್ಗರು. ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಅದರದ್ದೇ 128 ಸ್ಥಾನ ಕೊಟ್ಟಿತ್ತು. ಆದರೆ ಒತ್ತಕ್ಷರ, ಗುಣಿತವನ್ನು ಸರಿಯಾಗಿ ಜೋಡಿಸುವ ತಂತ್ರಾಂಶ, ಫಾಂಟ್ ಬರಲು ವರ್ಷಗಳೇ ಹಿಡಿದವು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂತು. ಲಿನಕ್ಸ್ ಕಡೆ ಗ್ನೋಮ್‌ಗೆ ಪ್ಯಾಂಗೋ, ಮುಂದೆ ಹಾರ್ಫ್‌ಬಝ್, ಜೊತೆಗೆ ಕೇದಗೆ, ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಬಂದವು. ಕೆ.ಪಿ. ರಾವ್ ರೂಪಿಸಿದ, ಕನ್ನಡ ಗಣಕ ಪರಿಷತ್ತು ನುಡಿ ತಂತ್ರಾಂಶದ ಮೂಲಕ ಮನೆಮಾತು ಮಾಡಿದ ಕೀಲಿಮಣೆಯೂ ಲಿನಕ್ಸ್ ಒಳಗೆ ಸೇರಿತು. ಕೀಬೋರ್ಡ್ ಪಟ್ಟಿಯಲ್ಲಿ 'ಕಗಪ' ಅಂತ ಇರೋದು ಅದೇ. ಹಳೇ ಬರಹವನ್ನು ಯುನಿಕೋಡಿಗೆ ತರುವ ಮುಕ್ತ ಪರಿವರ್ತಕಗಳೂ ಇವೆ. ಕಾಕಾನ ಹಂತಿಪದಗಳನ್ನು ಅಂಥದೊಂದರಲ್ಲಿ ಹಾಕಿದೆ. ಅಲ್ಲೊಂದು ಇಲ್ಲೊಂದು ಅರ್ಕಾವತ್ತು ಬಿಟ್ಟರೆ ಎಲ್ಲ ವಾಪಸ್ ಬಂತು. ಉಳಿದದ್ದನ್ನು ಅವರೇ ಕೂತು ತಿದ್ದಿದರು.

ಮಾಟೆಯ ಕತೆಯೂ ಇಲ್ಲಿ ಹೇಳಬೇಕು. 2011ರಲ್ಲಿ ಗ್ನೋಮ್ 3 ಬಂದಾಗ ಅದರ ಹೊಸ ರೂಪ ಅನೇಕರಿಗೆ ಹಿಡಿಸಲಿಲ್ಲ. ಕೆಲವರು ಗ್ನೋಮ್ 2ರ ಸಂಕೇತವನ್ನೇ ಎತ್ತಿಕೊಂಡು ಮಾಟೆ ಹೆಸರಲ್ಲಿ ಮುಂದುವರಿಸಿದರು. ಜೊತೆಗೆ ಯಾರೋ ರಾತ್ರಿ ಕೂತು ಮಾಡಿದ್ದ ಕನ್ನಡ ಅನುವಾದವೂ ಹೋಯಿತು. ಕಂಪನಿಯೊಂದು ಉತ್ಪನ್ನ ನಿಲ್ಲಿಸಿದರೆ ಅದರ ಕನ್ನಡವೂ ನಿಲ್ಲುತ್ತೆ. ಇಲ್ಲಿ ಹಾಗಾಗಲಿಲ್ಲ. ಸುಮಾರು ಎರಡು ಸಾವಿರ ವರ್ಷದ ಕಚೇರಿ ಭಾಷೆಗಳ ಚರಿತ್ರೆಯಲ್ಲಿ, ಯಾರ ಅಪ್ಪಣೆ ಇಲ್ಲದೆ ನಾವೇ ಬರೆದುಕೊಂಡ ಜಾಗ ಇದು ಅಂತ ನನಗನಿಸುತ್ತೆ.

ನೀವೂ ಶುರುಮಾಡೋದಾದರೆ ಕಷ್ಟವೇನಿಲ್ಲ. ಪೆನ್‌ಡ್ರೈವ್‌ಗೆ ಲಿನಕ್ಸ್ ಹಾಕಿ, ಇನ್‌ಸ್ಟಾಲ್ ಮಾಡದೆಯೇ ಅದರಿಂದಲೇ ಚಾಲೂ ಮಾಡಿ, ಭಾಷೆ ಕನ್ನಡ ಅಂತ ಆರಿಸಿ ಒಂದು ಸಂಜೆ ಓಡಾಡಿ. ಹಿಡಿಸದಿದ್ದರೆ ಕಿತ್ತುಬಿಡಿ, ನಿಮ್ಮ ಹಳೇ ಸಿಸ್ಟಂ ಹಾಗೇ ಇರುತ್ತೆ.

ಹೊರಡೋ ದಿನ ಕಾಕಾ ಸೆಟ್ಟಿಂಗ್ಸ್ ತೆರೆದು ಕರೆದರು. ಮೇಲಿನ ನಾಲ್ಕು ಸಾಲು ಕನ್ನಡ, ಕೆಳಗಿನ ಮೂರು ಇಂಗ್ಲಿಷ್. ಹೊಸ ಆವೃತ್ತಿ ಬಂದಂತೆ ಹೊಸ ಸಾಲು ಸೇರುತ್ತವೆ, ತುಂಬುವವರಿಲ್ಲದಿದ್ದರೆ ಇಂಗ್ಲಿಷೇ ಇಣುಕುತ್ತೆ.

'ಇಲ್ಲೀತನ ಬರೆದೋರು ಯಾರೋ ಗೊತ್ತಾತು. ಇದನ್ನ ಯಾರು ಬಿಟ್ಟಾರ?'

'ನಾವ ಕಾಕಾ' ಅಂದೆ.