ನೊಣ ನುಡಿದ ಸಾಕ್ಷಿ

ನೊಣ ಕಂಡರೆ ನಾವು ಕೈ ಬೀಸಿ ಓಡಿಸುತ್ತೇವೆ. ಆದರೆ ಅಪರಾಧ ಶೋಧನೆಯ ಚರಿತ್ರೆಯಲ್ಲಿ ಈ ಕ್ಷುದ್ರ ಜೀವಿಗೆ ಏಳುನೂರು ವರ್ಷಗಳಿಗೂ ಹಿಂದಿನಿಂದ ಸಾಕ್ಷಿಯ ಸ್ಥಾನವಿದೆ.

ಚೀನಾದ ನ್ಯಾಯಾಧಿಕಾರಿ ಸೊಂಗ್ ತ್ಸಿ 1247ರಲ್ಲಿ ರಚಿಸಿದ ಶವಪರೀಕ್ಷೆಯ ಕೈಪಿಡಿಯಲ್ಲಿ ಒಂದು ಪ್ರಕರಣ ಬರುತ್ತದೆ. ದಾರಿಬದಿಯಲ್ಲಿ ಒಬ್ಬನ ಕೊಲೆಯಾಗಿತ್ತು, ಗಾಯಗಳು ಕುಡುಗೋಲಿನವು. ಅಧಿಕಾರಿ ಊರವರ ಕುಡುಗೋಲುಗಳನ್ನೆಲ್ಲ ತರಿಸಿ ಸಾಲಾಗಿ ಇಡಿಸಿದ. ನೊಣಗಳು ಒಂದಕ್ಕೆ ಮಾತ್ರ ಮುತ್ತಿಕೊಂಡವು. ಅದರ ಒಡೆಯ ತಪ್ಪೊಪ್ಪಿಕೊಂಡ.

ಕೊಂದವನು ಯಾರೆಂದು ಆ ನೊಣಗಳು ತೋರಿಸಿದವು. ಸಾವು ಯಾವಾಗ ಸಂಭವಿಸಿತೆಂದು ತಿಳಿಯಬೇಕಾದರೆ ನೊಣದ ಬದುಕಿನ ಲೆಕ್ಕವೇ ಗೊತ್ತಿರಬೇಕು. ಮಾಂಸದಲ್ಲಿ ಹುಳು ತಾನಾಗಿ ಹುಟ್ಟುವುದಿಲ್ಲ, ನೊಣದ ಮೊಟ್ಟೆಯಿಂದ ಬರುತ್ತದೆ ಎಂದು ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲಿ ಪ್ರಯೋಗದಿಂದ ತೋರಿಸಿದ ಮೇಲೆ ಆ ಲೆಕ್ಕಕ್ಕೆ ದಾರಿಯಾಯಿತು.

1850ರಲ್ಲಿ ಫ್ರಾನ್ಸಿನ ಅರ್ಬ್ವಾ ಪಟ್ಟಣದ ಮನೆಯೊಂದರ ದುರಸ್ತಿಯ ವೇಳೆ ಹಸುಗೂಸಿನ ಒಣಗಿದ ಶವ ಸಿಕ್ಕಿತು. ಆಗ ಆ ಮನೆಯಲ್ಲಿದ್ದವರ ಮೇಲೆ ಸಂಶಯ ಬಿತ್ತು. ವೈದ್ಯ ಬೆರ್ಜೆರೆ ನೊಣದ ಕೋಶಗಳನ್ನೂ ಪತಂಗದ ಹುಳುಗಳನ್ನೂ ಪರೀಕ್ಷಿಸಿ, ಸಾವು 1848ರದ್ದೆಂದು ತೀರ್ಮಾನಿಸಿದ. ಸಂಶಯ ಹಿಂದಿನ ಬಾಡಿಗೆದಾರರತ್ತ ತಿರುಗಿತು. ಆದರೆ ನೊಣ ಬೆಳೆಯಲು ಒಂದು ವರ್ಷ ಬೇಕೆಂದು ಆತ ನಂಬಿದ್ದ. ನಿಜಕ್ಕೂ ಬೆಚ್ಚಗಿನ ಹವೆಯಲ್ಲಿ ಕೆಲವೇ ವಾರ ಸಾಕು. ಒಂದು ಮನೆಯವರನ್ನು ಬಿಡಿಸಿ ಇನ್ನೊಂದು ಮನೆಯವರನ್ನು ಸಿಲುಕಿಸಿದ ಲೆಕ್ಕದ ಬುನಾದಿಯೇ ಸಡಿಲವಾಗಿತ್ತು!

ಇಂಥ ಊಹೆಯನ್ನು ಅಳತೆಯಾಗಿಸಿದವರು ಕೊಳೆಯುವ ಪ್ರಾಣಿಗಳ ಮುಂದೆ ತಾಳ್ಮೆಯಿಂದ ಕೂತವರು. ಅಮೆರಿಕದ ಕ್ಲೆಮ್ಸನ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಜೆರಿ ಪೇನ್ ಸತ್ತ ಹಂದಿಮರಿಗಳನ್ನು ಬಯಲಲ್ಲಿಟ್ಟು, ಕೆಲವನ್ನು ಕೀಟಗಳಿಗೆ ತೆರೆದಿಟ್ಟ, ಕೆಲವಕ್ಕೆ ಕೀಟ ತಾಗದಂತೆ ಮಾಡಿದ. 1965ರಲ್ಲಿ ಪ್ರಕಟವಾದ ಅವನ ವರದಿಯ ಪ್ರಕಾರ ತೆರೆದಿಟ್ಟವುಗಳ ಶೇ. 90 ಭಾಗ ಆರೇ ದಿನಗಳಲ್ಲಿ ಇಲ್ಲವಾಯಿತು. ಉಳಿದವು ಬಹುಕಾಲ ರೂಪ ಉಳಿಸಿಕೊಂಡವು. ಅವನು ದಾಖಲಿಸಿದ ಜೀವಿಗಳು 522 ಜಾತಿಯವು.

ಇಂದಿಗೂ ಹಲವು ದೇಶಗಳ ವಿದ್ಯಾರ್ಥಿಗಳು ಹೀಗೆಯೇ ಕಲಿಯುತ್ತಾರೆ. ಗಾತ್ರದಲ್ಲಿ, ಕೂದಲು ವಿರಳವಾದ ಚರ್ಮದಲ್ಲಿ ಮನುಷ್ಯನಿಗೆ ಹತ್ತಿರವೆಂದು ಹೆಚ್ಚಾಗಿ ಹಂದಿಯ ಕಳೇಬರವನ್ನೇ ಬಳಸುತ್ತಾರೆ. ಮೂಗು ಮುಚ್ಚಿಕೊಳ್ಳದೆ ನಿಂತು, ಮೊದಲು ಬಂದ ನೊಣ ಯಾವುದು, ಜೀರುಂಡೆ ಎಂದು ಬಂತು, ಆ ದಿನದ ಉಷ್ಣತೆ ಎಷ್ಟು ಎಂದು ಬರೆದಿಡುತ್ತಾರೆ. ಕೆಲವು ಮರಿಹುಳುಗಳನ್ನು ಸಾಕಿ, ರೆಕ್ಕೆ ಬಂದ ಮೇಲೆ ಜಾತಿ ಗುರುತಿಸುತ್ತಾರೆ. ಹೆಣವನ್ನು ಮುಚ್ಚಿಟ್ಟಿದ್ದರೆ, ಮಳೆ ಸುರಿದಿದ್ದರೆ ಲೆಕ್ಕ ಬದಲಾಗುತ್ತದೆಂಬುದೂ ಅಲ್ಲೇ ಅರಿವಾಗುತ್ತದೆ.

ನೊಣ ಸುಳ್ಳು ಹೇಳುವುದಿಲ್ಲ ನಿಜ. ಆದರೆ ಅದರ ಭಾಷೆ ಅರೆಬರೆ ಬಲ್ಲ ದುಭಾಷಿಯಿಂದ ನಿರಪರಾಧಿಯ ಕೊರಳಿಗೆ ಉರುಳು ಬಿದ್ದೀತು. ಸತ್ತವರಿಗೆ ನ್ಯಾಯ ದೊರಕಿಸುವ ಅವಸರದಲ್ಲಿ ಬದುಕಿರುವವರಿಗೆ ಅನ್ಯಾಯವಾಗಬಾರದು. ನಮಗೆ ಅಸಹ್ಯವೆನಿಸುವ ಆ ಪಾಠಶಾಲೆ ಇರುವುದು ಅದಕ್ಕಾಗಿಯೇ.