ಬಿ.ಪಿ. ಯಂತ್ರ ಹಳ್ಳ ದಾಟಿದ ಬಗೆ

ರಕ್ತದೊತ್ತಡ ಅಳೆಯುವುದು ಬಹುಕಾಲ ಕಿವಿಯ ವಿದ್ಯೆಯಾಗಿತ್ತು. ಇಟಲಿಯ ರಿವಾ-ರೋಚಿ 1896ರಲ್ಲಿ ತೋಳಿಗೆ ಸುತ್ತುವ ಪಟ್ಟಿಗೆ ಪಾದರಸದ ಕೊಳವೆಯನ್ನು ಜೋಡಿಸಿದ. 1905ರಲ್ಲಿ ರಷ್ಯದ ಕೊರೊಟ್ಕಾಫ್ ಸ್ಟೆಥಾಸ್ಕೋಪ್ ಇಟ್ಟು ಸದ್ದು ಆಲಿಸುವ ಕ್ರಮವನ್ನು ತೋರಿಸಿದ. ಆ ಸದ್ದು ಹಿಡಿಯಲು ಪಳಗಿದ ಕಿವಿ ಬೇಕು. ಹೀಗಾಗಿ ಬಿ.ಪಿ. ನೋಡಿಸುವುದೆಂದರೆ ದವಾಖಾನೆಗೆ ಹೋಗುವುದೆಂದೇ ಅರ್ಥವಾಯಿತು.

ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗದವರಿಗೆ ಅದು ಸುಲಭದ ಮಾತಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ, ಭೀಮಗಡದ ಕಾಡಿನೊಳಗೆ, ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಇರದು. 2008ರಲ್ಲಿ ರಾಜ್ಯಕ್ಕೆ ಬಂದ 108 ಆಂಬುಲೆನ್ಸ್ ರಸ್ತೆ ಇರುವಷ್ಟು ದೂರವೇ ಬಂದೀತು. 2024ರ ಜುಲೈನಲ್ಲಿಯೂ ಆಮಗಾಂವದ ಜನ ಕಾಯಿಲೆಬಿದ್ದ ಮಹಿಳೆಯೊಬ್ಬರನ್ನು ಹೊತ್ತುಕೊಂಡೇ ಕಾಡು ದಾಟಿಸಬೇಕಾಯಿತು.

ಗರ್ಭಿಣಿಯರನ್ನು ಕಾಡುವ ನಂಜು ಮೊದಮೊದಲು ನೋವು ಕೊಡುವುದಿಲ್ಲ. ಒತ್ತಡ 140/90 ದಾಟಿದರೂ ಆಕೆ ರೊಟ್ಟಿ ಬಡಿಯುತ್ತಲೇ ಇರಬಹುದು. ಫಿಟ್ಸ್ ಬಂದ ಮೇಲೆ ಗೊತ್ತಾದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಈ ನಡುವೆ ಗುಂಡಿ ಒತ್ತಿದರೆ ಅಂಕಿ ತೋರಿಸುವ ಬ್ಯಾಟರಿ ಯಂತ್ರ ಔಷಧ ಅಂಗಡಿಗೆ ಬಂತು. ಅದು ಸದ್ದು ಕೇಳುವುದಿಲ್ಲ, ಪಟ್ಟಿಯೊಳಗಿನ ಗಾಳಿಯ ಕಂಪನವನ್ನು ಲೆಕ್ಕ ಹಾಕುತ್ತದೆ. ಪಳಗಿದ ಕಿವಿಯ ಅಗತ್ಯ ತಪ್ಪಿತು. (ಪೇಟೆಯಲ್ಲಿ ಸಿಗುವ ಎಲ್ಲ ಯಂತ್ರಗಳೂ ನಂಜಿನಲ್ಲಿ ನಿಜ ಹೇಳುವುದಿಲ್ಲ; ಕೆಲವು ಕಡಿಮೆ ತೋರಿಸುತ್ತವೆ. ಗರ್ಭಿಣಿಯರಲ್ಲಿ ಪರೀಕ್ಷಿಸಿದ ಯಂತ್ರವೇ ಬೇಕು.)

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರೊಡನೆ ಸೇರಿ ಕೈಗೊಂಡ ‘ಕ್ಲಿಪ್’ ಪ್ರಯೋಗದಲ್ಲಿ ಇಂಥ ಯಂತ್ರ ಆಶಾ ಕಾರ್ಯಕರ್ತೆಯರ ಕೈಚೀಲ ಸೇರಿತು. 2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಇದು ನಡೆಯಿತು. ಜೊತೆಗೊಂದು ಟ್ಯಾಬ್. ಒತ್ತಡದ ಅಂಕಿ, ತಲೆನೋವು, ರಕ್ತಸ್ರಾವ ಮುಂತಾದ ಲಕ್ಷಣಗಳನ್ನು ತುಂಬಿದರೆ ಅಪಾಯ ಎಷ್ಟೆಂದು ಅದು ಹೇಳುತ್ತಿತ್ತು. ಅಗತ್ಯವಿದ್ದಲ್ಲಿ ಮೊದಲ ಗುಳಿಗೆ ಅಥವಾ ಚುಚ್ಚುಮದ್ದನ್ನು ಊರಲ್ಲೇ ಕೊಟ್ಟು ಆಸ್ಪತ್ರೆಗೆ ಕಳಿಸುವುದು ಯೋಜನೆ.

2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಉತ್ಸಾಹಿಗಳಿಗೆ ಅದು ನಿರಾಶೆಯೇ. 14,783 ಗರ್ಭಧಾರಣೆಗಳ ಲೆಕ್ಕದಲ್ಲಿ, ಯಂತ್ರ ಹೋದ ಪ್ರದೇಶಕ್ಕೂ ಹೋಗದ ಪ್ರದೇಶಕ್ಕೂ ತಾಯಿ-ಮಗುವಿನ ಸಾವು, ತೊಡಕುಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪತ್ತೆಯಾದ ಮಾತ್ರಕ್ಕೆ ಆಸ್ಪತ್ರೆ ಹತ್ತಿರವಾಗುವುದಿಲ್ಲವಷ್ಟೆ. ಆದರೆ ಪಾಕಿಸ್ತಾನ, ಮೊಜಾಂಬಿಕ್‌ಗಳ ಅಂಕಿಅಂಶವನ್ನೂ ಕೂಡಿಸಿ ನೋಡಿದಾಗ, ಎಂಟು ಅಥವಾ ಹೆಚ್ಚು ಬಾರಿ ಭೇಟಿ ದೊರೆತವರಲ್ಲಿ ಮಗು ಸತ್ತು ಹುಟ್ಟುವುದು ಕಡಿಮೆ ಇತ್ತು. ಕಣಕುಂಬಿಯಂಥ ಕಡೆ ಆಷಾಢದ ಮಳೆಯಲ್ಲಿ ಎಂಟು ಸಲ ಒಂದೇ ಮನೆ ಮುಟ್ಟಬೇಕಾದರೆ, ಯಂತ್ರ ಹೊತ್ತ ಆಶಾ ಕಾರ್ಯಕರ್ತೆಯೂ ಅದೇ ಹಳ್ಳ ದಾಟಬೇಕು.